ಹಳೆಯ ಅಂಚೆ ಕಾರ್ಡುಗಳ ವ್ಯಾಪಾರ

ಹಳೆಯ ಅಂಚೆ ಕಾರ್ಡುಗಳ ವ್ಯಾಪಾರವು ಬಳಸಿದ ಮತ್ತು ಬಳಸದ ಕಾರ್ಡುಗಳನ್ನು ಸಂಗ್ರಾಹಕರ ಮೇಳ, ಹರಾಜು ಹಾಗೂ ರದ್ದಿ ಅಂಗಡಿಗಳಲ್ಲಿ ಕೊಳ್ಳುವ ಮತ್ತು ಮಾರುವ ಹವ್ಯಾಸವಾಗಿದ್ದು, ಕೆಲವರಿಗೆ ಜೀವನೋಪಾಯವೂ ಆಗಿದೆ. ಕಾರ್ಡುಗಳ ಸಂಗ್ರಹಕ್ಕೆ ಡೆಲ್ಟಿಯಾಲಜಿ ಎಂಬ ಹೆಸರಿದೆ. ಅಂಚೆ ಮುದ್ರೆ, ದರ ಮತ್ತು ಪತ್ರ ಸಾಗಿದ ದಾರಿಗಳ ಅಧ್ಯಯನವನ್ನು ಅಂಚೆ ಇತಿಹಾಸ ಎಂದು ಕರೆಯುತ್ತಾರೆ. ಮದ್ರಾಸು, ಬೆಂಗಳೂರುಗಳಂಥ ನಗರಗಳ ಮಟ್ಟಿಗೆ ಚಿತ್ರ ಕಾರ್ಡುಗಳಿಗೆ ಹೆಚ್ಚಿನ ಬೇಡಿಕೆಯಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯಂಥ ಊರುಗಳ ವಿಷಯದಲ್ಲಿ ಮಾತ್ರ ಸರ್ಕಾರ ಮುದ್ರಿಸಿದ ಸಾದಾ ಕಾರ್ಡೇ ಮುಖ್ಯ ಸಂಗ್ರಹವಸ್ತು. ಮುದ್ರೆ, ವಿಳಾಸ ಮತ್ತು ಒಕ್ಕಣೆ ಮೂರೂ ಒಟ್ಟಿಗೆ ಉಳಿದಾಗಲೇ ಅದಕ್ಕೆ ಬೆಲೆ.

ಹಿನ್ನೆಲೆ

ಜಗತ್ತಿನ ಮೊದಲ ಅಧಿಕೃತ ಅಂಚೆ ಕಾರ್ಡು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗರಿಯಲ್ಲಿ ಹೊರಬಂದಿತು. ಬ್ರಿಟಿಷ್ ಭಾರತದಲ್ಲಿ ಕಾಲಾಣೆಯ ಕಾರ್ಡು 1879ರ ಜುಲೈ 1ರಂದು ಜಾರಿಗೆ ಬಂದಿತು. ಆರಂಭದ ಚಿತ್ರ ಕಾರ್ಡುಗಳಲ್ಲಿ ಹಿಂಬದಿ ಪೂರ್ತಿಯಾಗಿ ವಿಳಾಸಕ್ಕೆ ಮೀಸಲಾಗಿದ್ದು, ಸಂದೇಶವನ್ನು ಚಿತ್ರದ ಅಂಚಿನಲ್ಲಿ ಬರೆಯಬೇಕಿತ್ತು. ಹಿಂಬದಿಯನ್ನು ಗೆರೆ ಎಳೆದು ಇಬ್ಭಾಗಿಸುವ ಕ್ರಮ 1902ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಮುಂದಿನ ಕೆಲವು ವರ್ಷಗಳಲ್ಲಿ ಎಲ್ಲೆಡೆ ಹಬ್ಬಿತು. ಆದ್ದರಿಂದ ಗೆರೆಯಿಲ್ಲದ ಕಾರ್ಡು ಸಾಮಾನ್ಯವಾಗಿ ಹೆಚ್ಚು ಹಳೆಯದು.

ನಿಜಾಮರ ಅಂಚೆ

ಈ ಮೂರೂ ಊರುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1869ರಿಂದ ಸ್ವಂತ ಅಂಚೆಚೀಟಿಗಳನ್ನು ಹೊರಡಿಸಿದ ನಿಜಾಮ ಸರ್ಕಾರವು ಅನಂತರ ಅಂಚೆಚೀಟಿ ಅಚ್ಚಾದ ಕಾರ್ಡುಗಳನ್ನೂ ಹೊರತಂದಿತು. ಅವುಗಳಿಗೆ ಸಂಸ್ಥಾನದ ಒಳಗೆ ಮಾತ್ರ ಮಾನ್ಯತೆಯಿತ್ತು. ಸಂಸ್ಥಾನದಲ್ಲಿ ಬ್ರಿಟಿಷ್ ಭಾರತದ ಅಂಚೆ ಕಚೇರಿಗಳೂ ಇದ್ದುದರಿಂದ ಎರಡು ಅಂಚೆಗಳ ಕಾರ್ಡುಗಳೂ ಒಂದೇ ಸೀಮೆಯಲ್ಲಿ ದೊರೆಯುತ್ತವೆ. ನಿಜಾಮರ ಕಾರ್ಡೊಂದು ಭಾರತದ ಚೀಟಿಯನ್ನು ಅಂಟಿಸದೆ ಧಾರವಾಡಕ್ಕೋ ಬಳ್ಳಾರಿಗೋ ಹೋದಂತೆ ತೋರಿದರೆ ಅನುಭವಿ ಸಂಗ್ರಾಹಕರು ಅದನ್ನು ಎರಡು ಸಲ ನೋಡುತ್ತಾರೆ. ಸಂಸ್ಥಾನದ ಅಂಚೆಯು 1950ರ ಏಪ್ರಿಲ್ 1ರಂದು ಭಾರತೀಯ ಅಂಚೆಯಲ್ಲಿ ವಿಲೀನವಾಯಿತು.

ಲಿಂಗಸುಗೂರಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಅದು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯಾಗಿತ್ತು. 1905ರವರೆಗೆ ಪ್ರತ್ಯೇಕ ಜಿಲ್ಲೆಗೂ ಅದರ ಹೆಸರೇ ಇತ್ತು. ರೈಲು ಹಿಡಿಯಲು ರಾಯಚೂರಿಗೋ ದೂರದ ಬೇರೆ ನಿಲ್ದಾಣಕ್ಕೋ ಹೋಗಬೇಕಾಗಿದ್ದ ಊರು ಅದು. ಇಂಥ ಒಳನಾಡಿನ ಛಾವಣಿಯ ಮುದ್ರೆ ಸ್ಪಷ್ಟವಾಗಿ ಬಿದ್ದಿರುವ ಕಾರ್ಡು, ನೋಡಲು ಎಷ್ಟೇ ಸಪ್ಪೆಯಾಗಿದ್ದರೂ, ನಗರವೊಂದರ ಅಂದವಾದ ಚಿತ್ರ ಕಾರ್ಡಿಗಿಂತ ಹೆಚ್ಚಿನದನ್ನು ಹೇಳಬಲ್ಲದು.

ಕಾಲನಿರ್ಣಯ

ಮುದ್ರೆ ಮಾಸಿದ್ದಾಗ ವಿಳಾಸವೇ ಆಧಾರ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು. ಪಿನ್‌ಕೋಡ್ 1972ರ ಆಗಸ್ಟ್ 15ರಿಂದ ಬಳಕೆಗೆ ಬಂದಿತು. ಹೀಗಾಗಿ ಸಿಂಧನೂರಿನ 584128, ಲಿಂಗಸುಗೂರಿನ 584122 ಅಥವಾ ಮಸ್ಕಿಯ 584124 ಸಂಖ್ಯೆಯನ್ನು ಬರೆದಿರುವ ಕಾರ್ಡು ಅದಕ್ಕಿಂತ ಹಿಂದಿನದಾಗಿರಲಾರದು. ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಈಗ ತಾಲ್ಲೂಕು ಕೇಂದ್ರ. ಹಳೆಯ ವಿಳಾಸಗಳಲ್ಲಿ ಅದು ಲಿಂಗಸುಗೂರು ತಾಲ್ಲೂಕಿನ ಊರಾಗಿಯೇ ಕಾಣುತ್ತದೆ.

ನಿಜಾಮರ ಕಾಲದ ಒಕ್ಕಣೆಗಳಲ್ಲಿ ಫಸಲಿ ವರ್ಷವೂ ಇರಬಹುದು. ಅದಕ್ಕೆ 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಫಸಲಿ 1330 ಎಂದರೆ 1920–21. ಅಡತ್ ಅಂಗಡಿಗಳ ಧಾರಣೆ ಕಾರ್ಡುಗಳಲ್ಲಿ ಬೆಲೆ ಹಾಲಿ ಸಿಕ್ಕಾ ರೂಪಾಯಿಯಲ್ಲಿದೆಯೋ ಬ್ರಿಟಿಷರ ಕಲ್ದಾರ್ ರೂಪಾಯಿಯಲ್ಲಿದೆಯೋ ಎಂಬುದೂ ಸುಳಿವಾಗುತ್ತದೆ. ಸಿಂಧನೂರು ಭಾಗದ ವಿಳಾಸದಲ್ಲಿ ‘ಕ್ಯಾಂಪ್’ ಎಂಬ ಪದ ಬಂದರೆ, ಬಹುಮಟ್ಟಿಗೆ ಆ ಕಾರ್ಡು ತುಂಗಭದ್ರಾ ಎಡದಂಡೆ ನಾಲೆಯ ನೀರಾವರಿಯ ನಂತರದ್ದು. ಆಂಧ್ರದಿಂದ ಬಂದು ನೆಲೆಸಿದ ರೈತರ ವಸತಿಗಳಿಗೂ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ವಸತಿಗಳಿಗೂ ಅಲ್ಲಿ ಆ ಹೆಸರು ಬಳಕೆಯಾಯಿತು.

ಮೇಳಗಳಲ್ಲಿ ವ್ಯವಹಾರ

ಕರ್ನಾಟಕದಲ್ಲಿ ಕಾರ್ಡುಗಳು ಹೆಚ್ಚಾಗಿ ಅಂಚೆಚೀಟಿ ಮತ್ತು ನಾಣ್ಯಗಳ ಮೇಳಗಳಲ್ಲಿಯೇ ಮಾರಾಟವಾಗುತ್ತವೆ. ಅಂಚೆ ಇಲಾಖೆಯ ಕರ್ನಾಟಕ ವೃತ್ತ ನಡೆಸುವ ಕರ್ನಾಪೆಕ್ಸ್ ರಾಜ್ಯಮಟ್ಟದ ಅಂಚೆಚೀಟಿ ಪ್ರದರ್ಶನವಾಗಿದೆ. ವ್ಯಾಪಾರಿಗಳು ಕಾರ್ಡುಗಳನ್ನು ಪೆಟ್ಟಿಗೆಗಳಲ್ಲಿ ನಿಲ್ಲಿಸಿ, ಸಾಮಾನ್ಯವಾಗಿ ರಾಜ್ಯ ಅಥವಾ ಸಂಸ್ಥಾನವಾರು ವಿಂಗಡಿಸಿಡುತ್ತಾರೆ. ಸಣ್ಣ ಊರಿನ ಕಾರ್ಡು ‘ಹೈದರಾಬಾದ್’ ಎಂಬ ಒಂದೇ ಗುಂಪಿನಲ್ಲಿ ಅಡಗಿರುತ್ತದೆ. ಉರ್ದು ಮುದ್ರೆಯನ್ನು ಓದಬಲ್ಲವರಿಗೆ ಇದು ಅನುಕೂಲ.

ಮಾಲು ಮೇಳಕ್ಕೆ ಬರುವ ದಾರಿ ಇನ್ನೊಂದು ಕಥೆ. ಹಳೆಯ ಮನೆ ಕೆಡವುವಾಗ, ದಲಾಲಿ ಅಂಗಡಿಯ ದಫ್ತರು ತೆರವುಗೊಳಿಸುವಾಗ ಕಾರ್ಡಿನ ಕಂತೆಗಳು ರದ್ದಿಗೆ ತೂಕದ ಲೆಕ್ಕದಲ್ಲಿ ಹೋಗುತ್ತವೆ. ವ್ಯಾಪಾರಿ ಕೊಳ್ಳದಿದ್ದರೆ ಅವು ಕಾಗದದ ಗಿರಣಿ ಸೇರುತ್ತಿದ್ದವು. ಕೊಂಡ ವ್ಯಾಪಾರಿಯೇ ಕಂತೆಯನ್ನು ಬಿಡಿಸಿ ಬಿಡಿಬಿಡಿಯಾಗಿ ಮಾರುತ್ತಾನೆ. ಒಂದು ಅಂಗಡಿಗೆ ಹಲವು ವರ್ಷ ಬಂದ ಪತ್ರಗಳು ಹೀಗೆ ಹತ್ತು ಊರು ಸೇರಿದ ಮೇಲೆ ಆ ಅಂಗಡಿಯ ವ್ಯವಹಾರವನ್ನು ಮತ್ತೆ ಜೋಡಿಸುವುದು ಬಹುತೇಕ ಅಸಾಧ್ಯ. ಬಿಡಿಸುವ ಮೊದಲು ಎರಡೂ ಬದಿಗಳ ಚಿತ್ರ ತೆಗೆದು, ಕಂತೆ ದೊರೆತ ಊರನ್ನು ಬರೆದಿಟ್ಟರೆ ನಷ್ಟ ಕಡಿಮೆ. ಅಚ್ಚಾದ ಅಂಚೆಚೀಟಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಹಳೆಯ ಅಭ್ಯಾಸವಂತೂ ಎಷ್ಟೋ ಊರುಗಳ ಮುದ್ರೆಗಳನ್ನು ಅರೆಬರೆಯಾಗಿಸಿದೆ.

ಸ್ಥಿತಿ ಮತ್ತು ನೈಜತೆ

ಹರಕು, ಮಡಿಕೆ, ಕಲೆಗಳು ಬೆಲೆಯನ್ನು ತಗ್ಗಿಸುತ್ತವೆ. ಆದರೆ ಕನ್ನಡ ಮನೆಗಳ ಕಾರ್ಡುಗಳಿಗೆ ಈ ಅಳತೆಯನ್ನು ಕುರುಡಾಗಿ ಹಚ್ಚಲಾಗದು. ಮೂಲೆಯ ಅರಿಸಿನ ಶುಭ ಸಮಾಚಾರದ ಗುರುತು. ನಡುವಿನ ತೂತು, ಓದಿದ ಕಾಗದಗಳನ್ನು ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದುದರ ಗುರುತು. ಸಾವಿನ ಸುದ್ದಿಯ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುವ ರೂಢಿಯಿದ್ದುದರಿಂದ ಅಂಥವು ಉಳಿದಿರುವುದು ವಿರಳ. ‘ಉಭಯ ಕುಶಲೋಪರಿ’ಯ ನಂತರ ಮಳೆ, ಬೆಳೆ, ಸಾಲಗಳ ವಿಚಾರವಿರುವ ಒಕ್ಕಣೆಗೆ ಕೇವಲ ಕ್ಷೇಮಸಮಾಚಾರಕ್ಕಿಂತ ಹೆಚ್ಚಿನ ಮಹತ್ವವಿದೆ.

ಬಳಸದ ಕಾರ್ಡಿಗೆ ಅಪರೂಪದ ಊರಿನ ಮುದ್ರೆಯನ್ನು ಒತ್ತಿ ಮಾರುವುದು ಪರಿಚಿತ ಮೋಸ. ನಿಜವಾಗಿ ಅಂಚೆಯಲ್ಲಿ ಸಾಗಿದ ಕಾರ್ಡಿನಲ್ಲಿ ಮೊದಲು ಬರಹ, ಆಮೇಲೆ ಮುದ್ರೆ. ಎರಡೂ ಒಂದರ ಮೇಲೊಂದು ಹಾಯ್ದಿರುವಲ್ಲಿ ಭೂತಗನ್ನಡಿ ಹಿಡಿದಾಗ ಮುದ್ರೆಯ ಮಸಿ ಅಕ್ಷರದ ಮೇಲಿರಬೇಕು. ಚಿತ್ರ ಕಾರ್ಡುಗಳಲ್ಲಿ ಭೂತಗನ್ನಡಿಗೆ ಚುಕ್ಕಿಗಳ ಜಾಲ ಕಂಡರೆ ಅದು ಅಚ್ಚು, ಮೂಲ ಛಾಯಾಚಿತ್ರವಲ್ಲ.

ಕಾನೂನು

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯು 1976ರಲ್ಲಿ ಜಾರಿಗೆ ಬಂದಿತು. ಐತಿಹಾಸಿಕ ಅಥವಾ ಸಾಹಿತ್ಯಕ ಮಹತ್ವವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ ಹಾಗೂ ದಾಖಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಪ್ರತಿಯೊಂದು ಹಳೆಯ ಕಾರ್ಡೂ ಈ ಅರ್ಥದ ದಾಖಲೆಯಾಗುವುದಿಲ್ಲ, ಮಹತ್ವ ಇರಬೇಕೆಂಬುದೂ ಷರತ್ತೇ. ಆದರೂ ನಿಜಾಮರ ಅಂಚೆಯ ಕಾರ್ಡುಗಳೆಲ್ಲವೂ ಈಗ 75 ವರ್ಷ ದಾಟಿರುವುದರಿಂದ, ವಿದೇಶಿ ಖರೀದಿದಾರರಿಗೆ ಮಾರುವವರು ಈ ನಿಯಮವನ್ನು ಗಮನಿಸಬೇಕಾಗುತ್ತದೆ.