ನಿಮಗಿದು ಗೊತ್ತೇ? ಸೋಂಕು ಹೋದ ಮೇಲೂ ಉಳಿದದ್ದು

ಲೈಬೀರಿಯಾದಲ್ಲಿ ಇಬ್ಬರು ಎದುರಾದರೆ ಬರೀ ಕೈಕುಲುಕಿ ಸುಮ್ಮನಾಗುವುದಿಲ್ಲ. ಕೈ ಬಿಡುವಾಗ ಒಬ್ಬರ ನಡುಬೆರಳು ಇನ್ನೊಬ್ಬರ ಬೆರಳಿಗೆ ತಾಗಿ ಚಟ್ಟೆಂದು ಚಿಟಿಕೆ ಕೇಳಿಸಬೇಕು. 2014ರಲ್ಲಿ ಎಬೋಲಾ ಸೋಂಕು ಹಬ್ಬಿದಾಗ ಆ ಸದ್ದು ಬೀದಿಗಳಲ್ಲಿ ನಿಂತುಹೋಯಿತು. ಮೊಣಕೈಗೆ ಮೊಣಕೈ ತಾಗಿಸುವ ನಮಸ್ಕಾರವನ್ನು ನಾವು ಕಲಿತದ್ದು 2020ರಲ್ಲಿ. ಪಶ್ಚಿಮ ಆಫ್ರಿಕಾದ ಜನ ಅದನ್ನು ಆರು ವರ್ಷ ಮೊದಲೇ ಕಲಿಯಬೇಕಾಯಿತು.

ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ ಈ ಮೂರು ಬಡ ದೇಶಗಳಲ್ಲೇ ಹೆಚ್ಚಾಗಿ ಹಬ್ಬಿದ ಆ ಎಬೋಲಾ 28,600ಕ್ಕೂ ಹೆಚ್ಚು ಜನರನ್ನು ತಾಕಿ, 11,300ಕ್ಕೂ ಹೆಚ್ಚು ಜನರನ್ನು ಕೊಂದಿತು. ಸೋಂಕು ಹಬ್ಬಿದ ದಾರಿಗಳಲ್ಲಿ ಒಂದು, ಸತ್ತವರ ಮೈ ತೊಳೆಯುವ ಪದ್ಧತಿ. ತಾಯಿ ಸತ್ತರೆ ಮಗಳು ಮೈ ತೊಳೆದು ಬಟ್ಟೆ ಉಡಿಸಿ ಕಳಿಸಬೇಕು. ರೋಗ ಹಿಡಿದುಕೊಂಡದ್ದು ಆ ಪ್ರೀತಿಯ ಕೈಗಳನ್ನೇ.

2014ರ ಆಗಸ್ಟ್‌ನಲ್ಲಿ ಲೈಬೀರಿಯಾ ಸರ್ಕಾರ ರಾಜಧಾನಿ ಮನ್ರೋವಿಯಾದ ಎಬೋಲಾ ಶವಗಳನ್ನೆಲ್ಲ ಸುಡಬೇಕೆಂದು ಆಜ್ಞೆ ಮಾಡಿತು. ಸುಡುವುದು ಆ ನಾಡಿನ ಪದ್ಧತಿಯಲ್ಲ, ಮಣ್ಣು ಮಾಡುವುದೇ ಪದ್ಧತಿ. ಹಾಗಾದರೆ ಸುಟ್ಟದ್ದೆಲ್ಲಿ? ಅಲ್ಲಿ ನೆಲೆಸಿದ್ದ ಭಾರತೀಯರು ತಮ್ಮವರ ಅಂತ್ಯಕ್ರಿಯೆಗೆಂದು ಕಟ್ಟಿಕೊಂಡಿದ್ದ ಪುಟ್ಟ ಚಿತಾಗಾರದಲ್ಲಿ. ಬೂದಿ ಪೀಪಾಯಿಗಳಲ್ಲಿ ತುಂಬಿತು. ಯಾರದು ಯಾವುದೆಂದು ಬೇರೆ ಮಾಡುವಂತಿರಲಿಲ್ಲ. ಲೈಬೀರಿಯಾದಲ್ಲಿ ಪ್ರತಿ ಮಾರ್ಚ್ ತಿಂಗಳ ಎರಡನೇ ಬುಧವಾರ ರಾಷ್ಟ್ರೀಯ ರಜೆ. ಅಂದು ಮನೆಮಂದಿಯೆಲ್ಲ ಹಿರಿಯರ ಸಮಾಧಿಗೆ ಹೋಗಿ ಕಳೆ ಕಿತ್ತು, ಸುಣ್ಣ ಬಣ್ಣ ಬಳಿದು ಬರುತ್ತಾರೆ. ಹೆತ್ತವರನ್ನು ಎಬೋಲಾಕ್ಕೆ ಕೊಟ್ಟವರಿಗೆ ಆ ಬುಧವಾರ ಹೋಗಲು ಒಂದು ಸಮಾಧಿಯೂ ಇರಲಿಲ್ಲ. ಸುಡುವ ಭಯಕ್ಕೆ ಜನ ಕಾಯಿಲೆಯವರನ್ನೂ ಶವಗಳನ್ನೂ ಬಚ್ಚಿಡತೊಡಗಿದರು. ಕೊನೆಗೆ ಡಿಸೆಂಬರ್‌ನಲ್ಲಿ ಡಿಸ್ಕೋ ಹಿಲ್ ಎಂಬಲ್ಲಿ ಹೊಸ ಸ್ಮಶಾನ ತೆರೆದು, ಮಣ್ಣು ಮಾಡಲು ಅವಕಾಶ ಕೊಡಲಾಯಿತು. ಆ ಬೂದಿಯೂ ಆಮೇಲೆ ಅಲ್ಲಿಗೇ ಬಂತು.

ಇದನ್ನು ಓದುವಾಗ ನನಗೆ ಮಂಡ್ಯ ಜಿಲ್ಲೆಯ ಬೆಳಕವಾಡಿ ನೆನಪಾಗುತ್ತದೆ. 2021ರ ಜೂನ್‌ನಲ್ಲಿ, ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದಿದ್ದ 500ಕ್ಕೂ ಹೆಚ್ಚು ಕೋವಿಡ್ ಮೃತರ ಅಸ್ಥಿಯನ್ನು ಸರ್ಕಾರವೇ ಅಲ್ಲಿ ಕಾವೇರಿಗೆ ಬಿಟ್ಟಿತು. ಒಯ್ಯದೆ ಹೋದವರನ್ನು ಕಲ್ಲೆದೆಯವರೆಂದು ಬೈದವರಿದ್ದರು. ನಾನು ಹಾಗನ್ನಲಾರೆ. ಎಷ್ಟೋ ಮನೆಗಳಲ್ಲಿ ಒಬ್ಬರು ಚಿತೆಯ ಮೇಲಿದ್ದಾಗ ಇನ್ನಿಬ್ಬರು ಆಮ್ಲಜನಕದ ಮೇಲಿದ್ದರು.

ಶ್ರೀಲಂಕಾದ ಕಥೆ ಇನ್ನೂ ಕಹಿ. ಮಣ್ಣು ಮಾಡಿದರೂ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ, ಕೋವಿಡ್‌ನಿಂದ ಸತ್ತ ಎಲ್ಲರನ್ನೂ ಸುಡಲೇಬೇಕೆಂದು ಅಲ್ಲಿನ ಸರ್ಕಾರ 2020ರಲ್ಲಿ ನಿಯಮ ಮಾಡಿತು. ಸುಡುವುದು ನಿಷಿದ್ಧವಾದ ಮುಸ್ಲಿಂ ಮನೆಗಳಿಗೆ ಅದು ಸಾವಿನ ಮೇಲೊಂದು ಸಾವು. 20 ದಿನದ ಕೂಸೊಂದನ್ನೂ ಸುಡಲಾಯಿತು. ಕೊಲಂಬೊದ ಚಿತಾಗಾರದ ಕಂಬಿಗಳಿಗೆ ಜನ ಬಿಳಿ ಬಟ್ಟೆಯ ಚೂರುಗಳನ್ನು ಕಟ್ಟಿ ದುಃಖ ಹೇಳಿಕೊಂಡರು. 2021ರ ಫೆಬ್ರವರಿಯಲ್ಲಿ ನಿಯಮ ಹೋಯಿತು. ಸರ್ಕಾರ ಕ್ಷಮೆ ಕೇಳಿದ್ದು 2024ರ ಜುಲೈನಲ್ಲಿ.

ಭಯ ಕೊಲ್ಲುತ್ತದೆ ಎಂಬುದು ಬರೀ ಮಾತಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಗಿನಿಯ ವೊಮೆ ಎಂಬ ಹಳ್ಳಿಗೆ ಎಬೋಲಾ ಬಗ್ಗೆ ತಿಳಿಹೇಳಲು ಹೋದ ತಂಡದ 8 ಜನರನ್ನು ಹಳ್ಳಿಯವರೇ ಕೊಂದರು. ರೋಗ ತರುತ್ತಿರುವವರೇ ಇವರು ಎಂಬ ಗುಮಾನಿ. ಅದಕ್ಕೂ ಒಂದು ತಿಂಗಳ ಹಿಂದೆ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಗೆ, ಸೋಂಕು ಹೊರಬರದಿರಲೆಂದು, ರಾತ್ರೋರಾತ್ರಿ ಬೇಲಿ ಬಿದ್ದಿತ್ತು. ಹತ್ತಾರು ಸಾವಿರ ಜನ ಒಳಗೆ, ಬಂದೂಕು ಹಿಡಿದವರು ಹೊರಗೆ. ಗುಂಡೇಟಿಗೆ ಹದಿಹರೆಯದ ಹುಡುಗನೊಬ್ಬ ಸತ್ತ. ಹತ್ತೇ ದಿನಕ್ಕೆ ಬೇಲಿ ತೆಗೆಯಬೇಕಾಯಿತು.

ಸಾಲೋಮೆ ಕಾರ್ವಾ ಎಂಬ ಹೆಸರು ಕೇಳಿದ್ದೀರಾ? ಲೈಬೀರಿಯಾದ ಈ ಹೆಣ್ಣುಮಗಳಿಗೆ ಎಬೋಲಾ ಬಂತು. ತಂದೆ ತಾಯಿ ಇಬ್ಬರೂ ಸತ್ತರು, ಆಕೆ ಬದುಕಿದರು. ಗುಣವಾದ ಕೆಲವೇ ವಾರಗಳಲ್ಲಿ, ತಾವು ಚಿಕಿತ್ಸೆ ಪಡೆದ ಶಿಬಿರಕ್ಕೇ ಮರಳಿ, ರೋಗಿಗಳಿಗೆ ಧೈರ್ಯ ಹೇಳುವ ಕೆಲಸಕ್ಕೆ ನಿಂತರು. 2014ರಲ್ಲಿ ಎಬೋಲಾ ವಿರುದ್ಧ ಹೋರಾಡಿದವರನ್ನು ವರ್ಷದ ವ್ಯಕ್ತಿಗಳೆಂದು ಆರಿಸಿದ ಟೈಮ್ ಪತ್ರಿಕೆ ಆಕೆಯನ್ನೂ ಮುಖಪುಟದಲ್ಲಿ ಅಚ್ಚುಮಾಡಿತು. 2017ರ ಫೆಬ್ರವರಿಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬೆನ್ನಿಗೇ ಸೆಳೆತ ಶುರುವಾಗಿ ಆಸ್ಪತ್ರೆಗೆ ಒಯ್ದಾಗ, ಎಬೋಲಾ ಬಂದುಹೋದವಳೆಂಬ ಅಂಜಿಕೆಗೆ ಅಲ್ಲಿದ್ದವರು ಮುಟ್ಟಲು ಹಿಂಜರಿದರು ಎಂದು ಒಡಹುಟ್ಟಿದವಳು ಹೇಳಿದಳು. ಸಾಲೋಮೆ ಉಳಿಯಲಿಲ್ಲ. ರೋಗ ದೇಶ ಬಿಟ್ಟು ತಿಂಗಳುಗಳು ಕಳೆದ ಮೇಲೂ ಕಳಂಕ ಬಿಟ್ಟಿರಲಿಲ್ಲ.

'ಸಾಮಾಜಿಕ ಅಂತರ' ಎಂಬ ಮಾತು ಬೇಡ, 'ದೈಹಿಕ ಅಂತರ' ಎನ್ನೋಣ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಹೇಳಿತು. ಮೈ ದೂರವಿರಲಿ, ಮನಸ್ಸು ದೂರವಾಗದಿರಲಿ ಎಂಬುದು ಅದರ ಕಾಳಜಿ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾರಣವಿತ್ತು. ಕೇರಿಯ ಹೊರಗೆ ನಿಂತು, ಮೇಲಿಂದ ನೀರು ಹೊಯ್ಯಿಸಿಕೊಂಡು ಕುಡಿದವರ ಮಕ್ಕಳಿಗೆ ಸಾಮಾಜಿಕ ಅಂತರ ಎಂದರೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ನಮ್ಮ ಫಲಕಗಳಲ್ಲಿ ಬಹುಕಾಲ ಹಳೆಯ ಮಾತೇ ಉಳಿಯಿತು.

ಹಸಿವಿಗೆ ಬಾವುಟ ಇದೆಯೇ? 2020ರಲ್ಲಿ ಇತ್ತು. ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ಗಳ ಬಡ ಮನೆಗಳು ಬಾಗಿಲಿಗೆ ಬಿಳಿ ಬಟ್ಟೆ ಕಟ್ಟಿದವು; ಕೊಲಂಬಿಯಾದಲ್ಲಿ ಕೆಂಪು. ಒಳಗೆ ಊಟವಿಲ್ಲ ಎಂದು ಅರ್ಥ. ಬೇಡಿ ತಿನ್ನುವುದೇ ಸಾಯುವಷ್ಟು ನಾಚಿಕೆ ಎಂದುಕೊಂಡು ಬಾಳಿದವರು ಆ ಬಟ್ಟೆ ಕಟ್ಟಲು ಕೈ ಎತ್ತಿದ ಹೊತ್ತನ್ನು ನೆನೆದರೆ ಸಂಕಟವಾಗುತ್ತದೆ.

ಭಾರತದ ಮೊದಲ ಲಾಕ್‌ಡೌನ್ ಘೋಷಣೆಯಾದದ್ದು 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ, ಜಾರಿಯಾದದ್ದು ನಡುರಾತ್ರಿಗೆ. ದಿನಗೂಲಿಯವರಿಗೆ ಸಿಕ್ಕಿದ್ದು 4 ಗಂಟೆ. ಮೇ ತಿಂಗಳಲ್ಲಿ ಊರಿಗೆ ಹೋಗುವ ರೈಲು ಶುರುವಾದಾಗ, ಕಟ್ಟಡ ನಿರ್ಮಾಣದವರ ಜತೆ ಸಭೆ ನಡೆಸಿದ ಕರ್ನಾಟಕ ಸರ್ಕಾರ ಆ ರೈಲುಗಳೇ ಬೇಡ ಎಂದಿತು. ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಮನಸ್ಸು ಬದಲಿಸಿತು. ತಗಡಿನ ಶೆಡ್ಡಿನಲ್ಲಿ ಕೂತು ಊರಿನ ದಾರಿ ನೋಡುತ್ತಿದ್ದವರಿಗೆ ಆ ಎರಡು ದಿನ ಎಷ್ಟು ಉದ್ದವಿತ್ತೋ!

ಹೊರದೇಶದಲ್ಲಿ ದುಡಿಯುವವರು ಬಡ ದೇಶಗಳಿಗೆ ಕಳಿಸುವ ಹಣ ಆ ವರ್ಷ ಸುಮಾರು ಶೇ 20ರಷ್ಟು ಕುಸಿಯುತ್ತದೆ ಎಂದು ವಿಶ್ವ ಬ್ಯಾಂಕ್ ಅಂದಾಜಿಸಿತ್ತು. ಕುಸಿದದ್ದು ಶೇ 2ಕ್ಕೂ ಕಡಿಮೆ. ತಾವು ಒಪ್ಪೊತ್ತು ಉಂಡಾದರೂ ಮನೆಗೆ ಕಳಿಸಿದವರ ಲೆಕ್ಕವೂ ಅದರಲ್ಲಿದೆ. ಗಲ್ಫ್‌ನ ಹಣದಲ್ಲಿ ಒಲೆ ಉರಿಯುವ ನಮ್ಮ ಕರಾವಳಿಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಗತ್ತಿನಲ್ಲೇ ಅತಿ ದೀರ್ಘ ಕಾಲ ಶಾಲೆ ಮುಚ್ಚಿದ ದೇಶ ಉಗಾಂಡ. 2020ರ ಮಾರ್ಚ್‌ನಲ್ಲಿ ಹಾಕಿದ ಬಾಗಿಲು ಪೂರ್ತಿ ತೆರೆದದ್ದು 2022ರ ಜನವರಿ 10ರಂದು. ಒಂದನೇ ತರಗತಿಗೆ ಹೋಗಬೇಕಿದ್ದ ಮಗು ಅಷ್ಟರಲ್ಲಿ ತಮ್ಮನನ್ನು ಎತ್ತಿಕೊಂಡು ಗದ್ದೆಗೆ ಹೋಗುವುದನ್ನು ಕಲಿತಿತ್ತು.

ನಮ್ಮಲ್ಲಿ? 2020ರ ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ'ದಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋದರು. ಅರಳಿಕಟ್ಟೆ, ಗುಡಿಯ ಜಗಲಿ, ಸಮುದಾಯ ಭವನ ಎಲ್ಲವೂ ತರಗತಿಗಳಾದವು. ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ತಪ್ಪೆನ್ನಲಾರೆ. ಆದರೆ ಮೊಬೈಲ್ ಇಲ್ಲದ ಮನೆಯ ಮಗುವಿಗೆ ಶಾಲೆ ಇನ್ನೂ ತನ್ನನ್ನು ಮರೆತಿಲ್ಲ ಎಂದು ಗೊತ್ತಾಗುತ್ತಿದ್ದದ್ದು ಅದೊಂದರಿಂದಲೇ.

ಸಿಯೆರಾ ಲಿಯೋನ್‌ನ ಹುಡುಗಿಯರದು ಇದೆಲ್ಲಕ್ಕಿಂತ ನೋವಿನ ಸಂಗತಿ. ಎಬೋಲಾ ಕಾಲದಲ್ಲಿ ಶಾಲೆಗಳು ಒಂಬತ್ತು ತಿಂಗಳ ಹತ್ತಿರ ಮುಚ್ಚಿದ್ದವು. ರಕ್ಷಣೆಯಿಲ್ಲದೆ ಉಳಿದ ಸಾವಿರಾರು ಹುಡುಗಿಯರು ಬಸಿರಾದರು. 2015ರ ಏಪ್ರಿಲ್‌ನಲ್ಲಿ ಶಾಲೆ ತೆರೆದಾಗ ಸರ್ಕಾರ, ಹೊಟ್ಟೆ ಕಾಣುವ ಹುಡುಗಿಯರು ತರಗತಿಗೆ ಬರಕೂಡದು, ಉಳಿದವರು ಕೆಡುತ್ತಾರೆ ಎಂದಿತು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಇದು ಅನ್ಯಾಯವೆಂದು ತೀರ್ಪು ಕೊಟ್ಟಿತು. 2020ರ ಮಾರ್ಚ್ 30ರಂದು ನಿಷೇಧ ಹೋಯಿತು. ಅದೇ ಹೊತ್ತಿಗೆ ಕೋವಿಡ್ ಬಂದು ಶಾಲೆಗಳೇ ಮತ್ತೆ ಮುಚ್ಚಿದವು.

ಅದೇ ದೇಶದಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. ಎಬೋಲಾಕ್ಕೆ ತುಸು ಮೊದಲು ಕೆಲವು ಹಳ್ಳಿಗಳಲ್ಲಿ ಬ್ರಾಕ್ ಸಂಸ್ಥೆ ಹುಡುಗಿಯರಿಗೆಂದೇ ಕೂಟಗಳನ್ನು ತೆರೆದಿತ್ತು. ಕೂತು ಹರಟಲು, ಆಡಲು, ಒಂದಿಷ್ಟು ಕಸುಬು ಕಲಿಯಲು ಅದೊಂದು ಜಾಗ. ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರೆ, ಆ ಕೂಟವಿದ್ದ ಹಳ್ಳಿಗಳಲ್ಲಿ ಬಸಿರಾದವರೂ ಕಡಿಮೆ, ಶಾಲೆ ಬಿಟ್ಟವರೂ ಕಡಿಮೆ. ಹುಡುಗಿಯರನ್ನು ಕಾಪಾಡಿದ್ದು ಅವರು ಒಟ್ಟಿಗೆ ಕೂರುವ ಒಂದು ಜಾಗ.

ಕೋವಿಡ್‌ನ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಖಿನ್ನತೆ, ಆತಂಕಗಳು ಶೇ 25ರಷ್ಟು ಏರಿದವು; ಹೆಚ್ಚು ನಲುಗಿದ್ದು ಹೆಂಗಸರು, ಎಳೆಯರು. ಇನ್ನು ನೋಡಿಕೊಳ್ಳುವವರ ಲೆಕ್ಕ: ಶ್ರೀಮಂತ ದೇಶಗಳಲ್ಲಿ ಲಕ್ಷ ಜನಕ್ಕೆ 60ಕ್ಕೂ ಹೆಚ್ಚು ಮಾನಸಿಕ ಆರೋಗ್ಯ ಸಿಬ್ಬಂದಿ. ಕಡು ಬಡ ದೇಶಗಳಲ್ಲಿ ಲಕ್ಷಕ್ಕೆ ಇಬ್ಬರೂ ಇಲ್ಲ.

ಹಣ ಕೊಟ್ಟರೆ ಮನಸ್ಸು ಹಗುರಾಗುತ್ತದೆಯೇ? ಕೀನ್ಯಾದ ಹಳ್ಳಿಗಳಲ್ಲಿ ಯಾವ ಷರತ್ತೂ ಇಲ್ಲದೆ ತಿಂಗಳು ತಿಂಗಳು ಹಣ ಪಡೆಯುತ್ತಿದ್ದವರಲ್ಲಿ ಕೋವಿಡ್ ಕಾಲದ ಹಸಿವೂ ಕಡಿಮೆಯಿತ್ತು, ಖಿನ್ನತೆಯೂ ಸ್ವಲ್ಪ ಮಟ್ಟಿಗೆ ಕಡಿಮೆಯಿತ್ತು. ಪುಟ್ಟ ದೇಶ ಟೋಗೊ 2020ರ ಏಪ್ರಿಲ್‌ನಲ್ಲಿ ಸಾದಾ ಮೊಬೈಲಿಗೇ ಹಣ ಹಾಕಿತು. ಗಂಡಸರಿಗೆ ತಿಂಗಳಿಗೆ 10,500 ಫ್ರಾಂಕ್, ಹೆಂಗಸರಿಗೆ 12,250. ಮನೆಯ ಮಡಕೆ ಯಾರ ಕೈಯಲ್ಲಿದೆ ಎಂಬುದು ಆ ಯೋಜನೆ ಮಾಡಿದವರಿಗೆ ತಿಳಿದಿತ್ತು.

ಬಡ ದೇಶಗಳಲ್ಲಿ ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಮಾತು ಬಂದರೆ ನಮ್ಮ ಬಳ್ಳಾರಿಯನ್ನು ನೆನೆಯಲೇಬೇಕು. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಒಂದು ಪ್ರಯೋಗ ಮಾಡಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರಲ್ಲಿ ಬಂದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸ್‌ನದೇ ಬೆನ್ನಾಸರೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

'ಖಿನ್ನತೆ' ಎಂಬ ಪದ ಹಳ್ಳಿಯಲ್ಲಿ ಎಷ್ಟು ಜನರ ಬಾಯಲ್ಲಿದೆ? ನಾವು "ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಅನ್ನುತ್ತೇವೆ, "ಒಳಗೊಳಗೇ ಕೊರಗ್ತಾನೆ" ಅನ್ನುತ್ತೇವೆ. ಎಚ್‌ಐವಿಯಿಂದ ನಲುಗಿದ ದಕ್ಷಿಣ ಉಗಾಂಡದಲ್ಲಿ ಸಂಶೋಧಕರು ಮೊದಲು ಹುಡುಕಿದ್ದೇ ಇಂಥ ಮಾತುಗಳನ್ನು. ತನ್ನನ್ನು ತಾನೇ ದ್ವೇಷಿಸುವುದಕ್ಕೆ ಒಂದು ಪದ, ತನ್ನ ಮೇಲೆ ತಾನೇ ಮರುಗುವುದಕ್ಕೆ ಇನ್ನೊಂದು ಅಲ್ಲಿ ಸಿಕ್ಕಿತು. ಆ ಪದಗಳಿಂದಲೇ ಕಾಯಿಲೆ ಗುರುತಿಸಿ, ಊರವರನ್ನು ಗುಂಪಾಗಿ ಕೂರಿಸಿ ಮಾತಾಡಿಸಿದರು. ಬಹಳ ಜನ ಚೇತರಿಸಿಕೊಂಡರು.

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಇಂಥ ಕೊರಗಿಗೆ 'ಕುಫುಂಗಿಸಿಸಾ' ಎನ್ನುತ್ತಾರೆ. ಯೋಚನೆ ಅತಿಯಾಗುವುದು ಎಂದು ಅರ್ಥ. ಡಿಕ್ಸನ್ ಚಿಬಾಂಡಾ ಅಲ್ಲಿನ ಮನೋವೈದ್ಯ. ಅವರಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿ, ಆಸ್ಪತ್ರೆಗೆ ಬರಲು ಬಸ್ಸಿನ ದುಡ್ಡಿಲ್ಲದೆ, ಪ್ರಾಣ ಕಳೆದುಕೊಂಡಳು. ಆ ಸಂಕಟದಲ್ಲಿ ಅವರು 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯ 14 ಅಜ್ಜಿಯರನ್ನು ಸೇರಿಸಿ, ನೊಂದವರ ಮಾತು ಕೇಳುವ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು. ಒಂದು ತುದಿಗೆ ಅಜ್ಜಿ, ಇನ್ನೊಂದು ತುದಿಗೆ ಬಂದವರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ತಿಂಗಳ ಬಳಿಕ ನೋಡಿದಾಗ, ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಅಜ್ಜಿಯರ ಪಕ್ಕ ಕೂತವರಲ್ಲಿ ಖಿನ್ನತೆ ಬಹಳ ಕಡಿಮೆಯಿತ್ತು. ಕೋವಿಡ್ ಬಂದು ಬೆಂಚಿನ ಮೇಲೆ ಒಟ್ಟಿಗೆ ಕೂರುವಂತಿಲ್ಲ ಎಂದಾದಾಗ ಆ ಮಾತುಕತೆ ವಾಟ್ಸ್ಆ್ಯಪಿಗೆ ಬಂತು.

ಚಿಬಾಂಡಾ ಆ ಬೆಂಚಿಗೆ ಮೊದಲು ಇಟ್ಟಿದ್ದ ಹೆಸರು ಮಾನಸಿಕ ಆರೋಗ್ಯದ ಬೆಂಚು. ಆ ಹೆಸರಿದ್ದರೆ ಯಾರೂ ಬಂದು ಕೂರುವುದಿಲ್ಲ ಎಂದು ಅಜ್ಜಿಯರು ಹೇಳಿದರು. ಗೆಳೆತನದ ಬೆಂಚು ಅನ್ನಿ ಎಂದರು.