ಮಿಹಾನ್: ಸರಕಿನ ನಕ್ಷೆಯೊಳಗೆ ಜನರ ದಿನಚರಿ

ನಾಗಪುರದ ದಕ್ಷಿಣ ಅಂಚಿನಲ್ಲಿ, ವರ್ಧಾ ರಸ್ತೆಗೆ ಹೊಂದಿಕೊಂಡು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಹರಡಿರುವ ಯೋಜನಾ ಪ್ರದೇಶವೇ ಮಿಹಾನ್. ದೇಶದ ನಡುಮಧ್ಯದಲ್ಲಿ ಒಂದು ಅಂತರರಾಷ್ಟ್ರೀಯ ಸರಕು ಕೇಂದ್ರ, ಅದಕ್ಕೆ ತಕ್ಕ ವಿಮಾನ ನಿಲ್ದಾಣ, ಪಕ್ಕದಲ್ಲಿ ವಿಶೇಷ ಆರ್ಥಿಕ ವಲಯ ಇರಬೇಕೆಂಬುದು ಇದರ ಮೂಲ ಕಲ್ಪನೆ. ಇದನ್ನು ಕಟ್ಟಲು ಮಹಾರಾಷ್ಟ್ರ ಸರ್ಕಾರ 2002ರಲ್ಲಿ ವಿಮಾನ ನಿಲ್ದಾಣ ಅಭಿವೃದ್ಧಿ ಕಂಪನಿಯೊಂದನ್ನು ಸ್ಥಾಪಿಸಿತು. ಎರಡು ದಶಕಗಳ ನಂತರ ನೋಡಿದರೆ, ಸರಕಿಗೆಂದು ಬರೆದ ನಕ್ಷೆಯಲ್ಲಿ ಹೆಚ್ಚು ಜಾಗ ಹಿಡಿದಿರುವುದು ಜನರ ಓದು, ಉದ್ಯೋಗ, ಚಿಕಿತ್ಸೆ ಮತ್ತು ನಿತ್ಯದ ಓಡಾಟ.

ನಾಗಪುರವನ್ನೇ ಆರಿಸಿಕೊಳ್ಳಲು ಭೂಗೋಳವೇ ಕಾರಣ. ಬ್ರಿಟಿಷರ ಕಾಲದ ಭೂಮಾಪನದ ನೆನಪಿಗೆ ನಿಂತಿರುವ ಝೀರೋ ಮೈಲ್ ಕಂಬ ಇರುವುದು ಈ ಊರಿನಲ್ಲಿ. ದೆಹಲಿ–ಚೆನ್ನೈ ಮತ್ತು ಮುಂಬೈ–ಕೋಲ್ಕತ್ತಾ ರೈಲು ಮಾರ್ಗಗಳು ಸಂಧಿಸುವುದೂ ಇಲ್ಲಿಯೇ. ಈ ಅನುಕೂಲವನ್ನು ವಿಮಾನಯಾನ ಬಹಳ ಹಿಂದೆಯೇ ಬಳಸಿಕೊಂಡಿತ್ತು. 1949ರಲ್ಲಿ ಆರಂಭವಾದ ರಾತ್ರಿ ವಿಮಾನ ಅಂಚೆ ಸೇವೆಯಲ್ಲಿ ದೆಹಲಿ, ಬಾಂಬೆ, ಕಲ್ಕತ್ತಾ ಮತ್ತು ಮದ್ರಾಸಿನಿಂದ ಹೊರಟ ವಿಮಾನಗಳು ಮಧ್ಯರಾತ್ರಿ ನಾಗಪುರದಲ್ಲಿ ಸೇರಿ, ಅಂಚೆ ಚೀಲಗಳನ್ನೂ ಪ್ರಯಾಣಿಕರನ್ನೂ ಬದಲಾಯಿಸಿಕೊಂಡು ಬೆಳಗಾಗುವಷ್ಟರಲ್ಲಿ ತಮ್ಮ ಊರು ಸೇರುತ್ತಿದ್ದವು. ಆ ಹಳೆಯ ಅನುಭವದ ಬಲವೇ ಮಿಹಾನ್ ಕಲ್ಪನೆಯ ಹಿಂದಿತ್ತು.

ಸರಕಿನ ಭಾಗ ಮಾತ್ರ ನಿಧಾನವಾಗಿ ಸಾಗಿತು. ಯೋಜನೆಯಲ್ಲಿದ್ದ ಎರಡನೆಯ ರನ್‌ವೇ ವರ್ಷಗಟ್ಟಲೆ ಕಾಗದದಲ್ಲೇ ಉಳಿಯಿತು. ನಾಗಪುರದ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಖಾಸಗಿ ಸಂಸ್ಥೆಗೆ ವಹಿಸುವ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ವಿಮಾನಕ್ಕೆ ಸಂಬಂಧಿಸಿದ ಕೈಗಾರಿಕೆ ಬೇರೂರಿತು. ಬೋಯಿಂಗ್ ಕಟ್ಟಿಸಿಕೊಟ್ಟ ವಿಮಾನ ದುರಸ್ತಿ ಕೇಂದ್ರ 2015ರಲ್ಲಿ ಏರ್ ಇಂಡಿಯಾದ ಅಂಗಸಂಸ್ಥೆಯ ಕೈ ಸೇರಿತು. ದಸ್ಸೋ ಮತ್ತು ರಿಲಯನ್ಸ್ ಜಂಟಿ ಕಾರ್ಖಾನೆಗೆ 2017ರಲ್ಲಿ ಅಡಿಗಲ್ಲು ಬಿದ್ದು, ಅಲ್ಲಿ ಫಾಲ್ಕನ್ ವಿಮಾನಗಳ ಬಿಡಿಭಾಗಗಳು ತಯಾರಾಗತೊಡಗಿದವು.

ವಿಶೇಷ ಆರ್ಥಿಕ ವಲಯದ ಲೆಕ್ಕಾಚಾರ ಬೇರೆ. 2005ರ ಕಾಯ್ದೆಯ ಪ್ರಕಾರ ಇಂಥ ವಲಯವನ್ನು ಸುಂಕದ ಮಟ್ಟಿಗೆ ದೇಶದ ಹೊರಗಿನ ನೆಲವೆಂದೇ ಎಣಿಸಲಾಗುತ್ತದೆ. ಒಳಗೆ ತಯಾರಾದ ವಸ್ತು ಬೇಲಿ ದಾಟಿ ದೇಶದ ಮಾರುಕಟ್ಟೆಗೆ ಬಂದರೆ ಆಮದು ಸುಂಕ ತೆರಬೇಕು. ರಫ್ತಿನ ಲಾಭಕ್ಕೆ ಮೊದಲ ಐದು ವರ್ಷ ಪೂರ್ಣ, ಮುಂದಿನ ಐದು ವರ್ಷ ಅರ್ಧದಷ್ಟು ಆದಾಯ ತೆರಿಗೆ ವಿನಾಯಿತಿ ಇತ್ತು. 2020ರ ನಂತರ ಬಂದ ಹೊಸ ಘಟಕಗಳಿಗೆ ಈ ವಿನಾಯಿತಿ ಇಲ್ಲ. ಸಾಫ್ಟ್‌ವೇರ್ ರಫ್ತಿಗೆ ಹಡಗೂ ಬೇಡ, ರನ್‌ವೇಯೂ ಬೇಡ. ಹಾಗಾಗಿ ಟಿಸಿಎಸ್, ಎಚ್‌ಸಿಎಲ್, ಇನ್ಫೋಸಿಸ್‌ನಂಥ ಕಂಪನಿಗಳಿಗೆ ಈ ಜಾಗ ಹೊಂದಿತು. ಭೂಗೋಳದ ಬಲದ ಮೇಲೆ ನಿಂತ ಯೋಜನೆಗೆ, ಭೂಗೋಳದ ಹಂಗೇ ಇಲ್ಲದ ಉದ್ಯಮ ಆಸರೆಯಾದದ್ದು ಹೀಗೆ.

ಇದರ ಪರಿಣಾಮ ಮೊದಲು ಕಂಡದ್ದು ಮನೆಗಳಲ್ಲಿ. ನಾಗಪುರ ಸೇರಿದ ವಿದರ್ಭ ಪ್ರಾಂತ್ಯದ ಎಂಜಿನಿಯರಿಂಗ್ ಪದವೀಧರರು ಕೆಲಸ ಹುಡುಕಿಕೊಂಡು ಪುಣೆ, ಹೈದರಾಬಾದ್, ಬೆಂಗಳೂರಿನ ದಾರಿ ಹಿಡಿಯುವುದು ವಾಡಿಕೆಯಾಗಿತ್ತು. ಹುಟ್ಟಿದೂರಲ್ಲೇ ಕೆಲಸ ಸಿಕ್ಕವರಿಗೆ ಬಾಡಿಗೆ, ಅಡ್ವಾನ್ಸ್, ಪಿಜಿ ಊಟದ ಖರ್ಚು ಉಳಿಯುತ್ತದೆ. ವಯಸ್ಸಾದ ತಂದೆ–ತಾಯಿ ಕಣ್ಣೆದುರಿಗೇ ಇರುತ್ತಾರೆ. ಇನ್ನೊಂದು ವಾದವೂ ಅಷ್ಟೇ ಬಲವಾದದ್ದು: ದೊಡ್ಡ ಐಟಿ ನಗರದಲ್ಲಿ ಒಂದು ಕಂಪನಿ ಬಿಟ್ಟರೆ ಪಕ್ಕದ ಬೀದಿಯಲ್ಲೇ ಇನ್ನೊಂದು ಸಿಗುತ್ತದೆ, ಇಲ್ಲಿ ಆ ಆಯ್ಕೆ ಕಡಿಮೆ, ಸಂಬಳ ಏರುವುದೇ ಕೆಲಸ ಬದಲಿಸಿದಾಗ ಎಂಬ ಉದ್ಯಮದಲ್ಲಿ ಇದು ಸಣ್ಣ ಕೊರತೆಯಲ್ಲ. ಅಂಥ ಆಯ್ಕೆ ಬೆಂಗಳೂರಿಗೂ ಒಮ್ಮೆಲೇ ಬಂದದ್ದಲ್ಲ: ಅಲ್ಲಿನ ಎಲೆಕ್ಟ್ರಾನಿಕ್ ಸಿಟಿಯನ್ನು ಕರ್ನಾಟಕ ಸರ್ಕಾರದ ಕಿಯೋನಿಕ್ಸ್ 1970ರ ದಶಕದಲ್ಲಿ ರೂಪಿಸಿದಾಗ ಅದೂ ಊರಾಚೆಯ ಬಯಲೇ ಆಗಿತ್ತು. ಕಂಪನಿಗಳು ಒಂದರ ಬೆನ್ನಿಗೆ ಒಂದು ಬಂದು ದಟ್ಟಣೆ ಹುಟ್ಟಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಮಿಹಾನ್‌ನ ಬಯಲು ಮಾತ್ರ ಖಾಲಿ ನೆಲವಾಗಿರಲಿಲ್ಲ. ಶಿವಣಗಾಂವ್, ಖಾಪ್ರಿ, ತೆಲ್ಹಾರಾ, ದಹೇಗಾಂವ್ ಮುಂತಾದ ಹಳ್ಳಿಗಳ ಹೊಲಗಳು ಯೋಜನೆಗೆ ಹೋದವು. ಪರಿಹಾರದ ಮೊತ್ತ, ಬದಲಿ ನಿವೇಶನ, ಮನೆಗೊಂದು ಕೆಲಸ ಎಂಬ ಬೇಡಿಕೆಗಳು ದೀರ್ಘಕಾಲ ಎಳೆದಾಡಿದವು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ವೈಮಾನಿಕ ಕೈಗಾರಿಕೆಗೆಂದು ಹೊರಟಿದ್ದ 1,777 ಎಕರೆ ಸ್ವಾಧೀನವನ್ನು ಕರ್ನಾಟಕ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟದ್ದನ್ನು ನೆನೆದರೆ, ಈ ಪ್ರಶ್ನೆ ಒಂದೇ ಊರಿನದಲ್ಲ ಎಂಬುದು ತಿಳಿಯುತ್ತದೆ. ಕಾಡಿಗೂ ಮಿಹಾನ್ ಹತ್ತಿರವೇ. 2019ರ ನವೆಂಬರಿನಲ್ಲಿ ಐಟಿ ಕ್ಯಾಂಪಸ್‌ಗಳ ಆಸುಪಾಸಿನಲ್ಲಿ ಹುಲಿ ಕಾಣಿಸಿಕೊಂಡು ಅರಣ್ಯ ಇಲಾಖೆ ಹುಡುಕಾಟ ನಡೆಸಬೇಕಾಯಿತು.

ನಿತ್ಯದ ಓಡಾಟವನ್ನು ಬದಲಿಸಿದ್ದು ಮೆಟ್ರೊ. ಸೀತಾಬರ್ಡಿಯಿಂದ ಖಾಪ್ರಿವರೆಗಿನ ಮಾರ್ಗ 2019ರ ಮಾರ್ಚ್‌ನಲ್ಲಿ ಆರಂಭವಾಯಿತು. ವರ್ಧಾ ರಸ್ತೆಯಲ್ಲಿ ಕೆಳಗೆ ರಸ್ತೆ, ನಡುವೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ ಹಳಿ. ಒಂದೇ ಸಾಲಿನ ಕಂಬಗಳ ಮೇಲೆ ನಿಂತ ಈ ರಚನೆ 3.14 ಕಿಲೋಮೀಟರ್ ಉದ್ದವಿದೆ. ನಿಲ್ದಾಣದಿಂದ ಕಚೇರಿ ಬಾಗಿಲಿಗೆ ಹೋಗಲು ಮಾತ್ರ ಕಂಪನಿ ಬಸ್ಸು ಇಲ್ಲವೇ ಆಟೊ ಬೇಕು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲಿನಲ್ಲಿ ಆ ಕೊನೆಯ ದಾರಿಯೇ ದೊಡ್ಡದು. ಕಚೇರಿಗಳ ಜೊತೆಗೆ ಓದು, ಚಿಕಿತ್ಸೆಯ ಸಂಸ್ಥೆಗಳೂ ಇಲ್ಲಿಗೆ ಬಂದವು. ಐಐಎಂ 2022ರ ಮೇ ತಿಂಗಳಲ್ಲಿ ಮಿಹಾನ್‌ನ ಸ್ವಂತ ಕಟ್ಟಡಕ್ಕೆ ಬಂತು. ಏಮ್ಸ್ ಆಸ್ಪತ್ರೆಯನ್ನು ಅದೇ ವರ್ಷ ಡಿಸೆಂಬರ್ 11ರಂದು ಪ್ರಧಾನಿ ರಾಷ್ಟ್ರಕ್ಕೆ ಅರ್ಪಿಸಿದರು. ವಿದರ್ಭದ ಹಳ್ಳಿಗರ ಬಾಯಲ್ಲಿ ಮಿಹಾನ್ ಎಂಬ ಹೆಸರು ಬರುವುದು ಸರಕಿಗಿಂತ ಹೆಚ್ಚಾಗಿ ಈ ಆಸ್ಪತ್ರೆಯಿಂದ.

ಮನರಂಜನೆಗೂ ಇಲ್ಲಿ ತನ್ನದೇ ಬಣ್ಣವಿದೆ. ಅದೇ ವರ್ಧಾ ರಸ್ತೆಯ ಜಾಮ್‌ಠಾದಲ್ಲಿ ವಿದರ್ಭ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿದೆ. 2008ರ ನವೆಂಬರಿನಲ್ಲಿ ಸೌರವ್ ಗಂಗೂಲಿ ಕೊನೆಯ ಟೆಸ್ಟ್ ಆಡಿದ್ದು ಇಲ್ಲಿ. ನಾಗರಾಜ ಮಂಜುಳೆ ನಿರ್ದೇಶಿಸಿ 2022ರಲ್ಲಿ ತೆರೆಕಂಡ ‘ಝುಂಡ್’ ಚಿತ್ರ ನಾಗಪುರದ ಕೊಳೆಗೇರಿ ಹುಡುಗರ ಫುಟ್‌ಬಾಲ್ ಕಥೆಯನ್ನು ದೇಶಕ್ಕೆ ತೋರಿಸಿತು. ಕಚೇರಿ ಆವರಣದ ಕ್ಯಾಂಟೀನಿನಲ್ಲಿ ಏನೇ ಸಿಗಲಿ, ಊರಿನ ಬೆಳಗಿನ ತಿಂಡಿ ತರ್ರಿ ಪೋಹಾ: ಒಗ್ಗರಣೆ ಅವಲಕ್ಕಿಯ ಮೇಲೆ ಕಡಲೆಕಾಳಿನ ಖಾರದ ರಸ.

ನಾಗಪುರದಲ್ಲಿ ಜನಾಭಿಪ್ರಾಯ ಬೀದಿಗೆ ಬರುವ ದಿನವೂ ಒಂದಿದೆ. ನಮ್ಮ ಕಾರ ಹುಣ್ಣಿಮೆಯಂತೆ ಎತ್ತುಗಳನ್ನು ಸಿಂಗರಿಸುವ ಪೋಳಾ ಹಬ್ಬದ ಮರುದಿನ, ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಮಾರ್‌ಬತ್ ಮೆರವಣಿಗೆಯಲ್ಲಿ ಕಪ್ಪು ಮತ್ತು ಹಳದಿ ಬಣ್ಣದ ದೊಡ್ಡ ಪ್ರತಿಕೃತಿಗಳು ಹೊರಡುತ್ತವೆ. ಜೊತೆಗೆ ‘ಬಡ್ಗೆ’ ಎಂಬ ಅಣಕದ ಬೊಂಬೆಗಳು ಬೆಲೆಯೇರಿಕೆ, ಭ್ರಷ್ಟಾಚಾರ, ಆ ವರ್ಷದ ಕಿರಿಕಿರಿಗಳನ್ನೆಲ್ಲ ಕೊರಳಿಗೆ ಹಲಗೆ ಕಟ್ಟಿಕೊಂಡು ಸಾರುತ್ತವೆ. ಊರಿನ ಪೀಡೆಯನ್ನೆಲ್ಲ ಹೊತ್ತು ತೊಲಗಲಿ ಎಂದು ಕೊನೆಗೆ ಅವನ್ನು ಸುಡಲಾಗುತ್ತದೆ.

ಮುಂಬೈಗೆ 701 ಕಿಲೋಮೀಟರ್ ಉದ್ದದ ಸಮೃದ್ಧಿ ಹೆದ್ದಾರಿ 2025ರ ಜೂನ್‌ನಲ್ಲಿ ಪೂರ್ಣವಾಗಿ ತೆರೆದುಕೊಂಡ ಮೇಲೆ ಸರಕಿನ ಹಳೆಯ ಆಸೆಗೆ ಮತ್ತೆ ಬಲ ಬಂದಿದೆ. ಅದು ಕೈಗೂಡಿದರೂ ಮಿಹಾನ್‌ನ ಯಶಸ್ಸನ್ನು ಟನ್ನುಗಳಲ್ಲಿ ಮಾತ್ರ ಅಳೆಯಲಾಗದು. ಎಷ್ಟು ಯುವಜನರು ಊರಲ್ಲೇ ಉಳಿದರು, ಭೂಮಿ ಕೊಟ್ಟ ಮನೆಗಳಿಗೆ ಅದರಲ್ಲಿ ಎಷ್ಟು ಪಾಲು ದಕ್ಕಿತು ಎಂಬ ಎರಡು ಲೆಕ್ಕಗಳನ್ನೂ ಜೊತೆಗಿಟ್ಟೇ ನೋಡಬೇಕಾಗುತ್ತದೆ.