ಮಂಡೆಕೋಲಿನಿಂದ 113 ಕಿಲೋಮೀಟರ್

ಮೊದಲು 1.9 ಕಿಲೋಮೀಟರ್ ಈಜು, ನೀರಿನಿಂದೆದ್ದು 90 ಕಿಲೋಮೀಟರ್ ಸೈಕಲ್, ಸೈಕಲ್ ಇಳಿದು 21.1 ಕಿಲೋಮೀಟರ್ ಓಟ. ನಡುವೆ ಬಟ್ಟೆ ಬದಲಿಸಿದರೂ ಗಡಿಯಾರ ನಿಲ್ಲದು. ಒಟ್ಟು 113 ಕಿಲೋಮೀಟರಿನ ಈ ಹಾಫ್ ಟ್ರಯಥ್ಲಾನ್ 2019ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ಗೋವಾಕ್ಕೆ, ಪಣಜಿಯ ಮಿರಾಮಾರ್ ಕಡಲತೀರಕ್ಕೆ ಬಂತು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅಲ್ಲಿ 8 ಗಂಟೆ 27 ನಿಮಿಷದಲ್ಲಿ ಗುರಿ ಮುಟ್ಟಿದರು. ಇದ್ದ ಗಡುವು ಎಂಟೂವರೆ ಗಂಟೆ. ಉಳಿದದ್ದು ಮೂರೇ ನಿಮಿಷ.

ಇಷ್ಟು ಕಡಿಮೆ ಅಂತರದಲ್ಲಿ ಫಲಿತಾಂಶವನ್ನು ಕಾಲು, ಶ್ವಾಸಕೋಶಗಳಷ್ಟೇ ಹಾದಿಯೂ ತೀರ್ಮಾನಿಸುತ್ತದೆ. ಅದೇ ಮನುಷ್ಯ, ಅದೇ ತಯಾರಿ, ಬೇರೆ ಹಾದಿ ಎಂದರೆ ಬೇರೆಯದೇ ಉತ್ತರ ಬಂದೀತು. ಹಾದಿಯ ಗುಣದೋಷಗಳನ್ನು ತೂಗುವುದಕ್ಕೆ ನಾನು ಗೋವಾವನ್ನು ಬಿಟ್ಟು ಸುಳ್ಯ ತಾಲೂಕಿನ ಮಂಡೆಕೋಲನ್ನು ಆರಿಸಿಕೊಂಡಿದ್ದೇನೆ. ಕೇರಳದ ಗಡಿಗೆ ತಾಗಿಕೊಂಡಿರುವ, ಅಡಕೆ, ರಬ್ಬರು, ಕಾಡು ಒಂದರೊಳಗೊಂದು ಸೇರಿಕೊಂಡಿರುವ ಗ್ರಾಮವಿದು. ಮಡಿಕೇರಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ ಇದೇ ಸೀಮೆಯಿಂದ ಕಾಸರಗೋಡು ಜಿಲ್ಲೆಗೆ ಇಳಿದು, ಚಂದ್ರಗಿರಿಯೆಂಬ ಹೆಸರಲ್ಲಿ ಕಡಲು ಸೇರುತ್ತದೆ. ನದಿ ಇದೆ, ಹೆದ್ದಾರಿ ಹತ್ತಿರವಿದೆ, ನೆರಳಿನ ಒಳದಾರಿಗಳಿವೆ. ಮೂರೂ ಆಟಕ್ಕೆ ಬೇಕಾದದ್ದೆಲ್ಲ ಇದೆ ಅನ್ನಿಸುತ್ತದೆ. ನಕ್ಷೆಯ ಮೇಲೆ ಗೆರೆ ಎಳೆದು ನೋಡೋಣ.

ನದಿಯಿಂದಲೇ ಶುರು. ಹರಿಯುವ ನೀರಿನಲ್ಲಿ 950 ಮೀಟರ್ ಕೆಳಕ್ಕೆ ಈಜಿ ಅಷ್ಟೇ ದೂರ ಮೇಲಕ್ಕೆ ಬಂದರೆ, ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಹಾಗಿಲ್ಲ. ನೂರು ಮೀಟರಿಗೆ ಎರಡೂವರೆ ನಿಮಿಷ ತೆಗೆದುಕೊಳ್ಳುವ ಸಾಧಾರಣ ಈಜುಗಾರ ನಿಂತ ನೀರಿನಲ್ಲಿ 1.9 ಕಿಲೋಮೀಟರನ್ನು ಸುಮಾರು 47 ನಿಮಿಷದಲ್ಲಿ ಮುಗಿಸುತ್ತಾನೆ. ನೀರು ಸೆಕೆಂಡಿಗೆ ಬರೀ 30 ಸೆಂಟಿಮೀಟರ್ ಹರಿಯುತ್ತಿದ್ದರೂ ಅವನಿಗೆ ಕೆಳಮುಖ 16 ನಿಮಿಷ ಸಾಕು, ಮೇಲ್ಮುಖ ಮಾತ್ರ 43 ನಿಮಿಷ ಹಿಡಿಯುತ್ತದೆ. ಒಟ್ಟು 59. ಪ್ರವಾಹ ನೆರವಾಗುವ ಹೊತ್ತು ಚಿಕ್ಕದು, ಅಡ್ಡಿಯಾಗುವ ಹೊತ್ತು ದೊಡ್ಡದು. ಹಾಗಾಗಿ ಎರಡೂ ಕಡೆ ದೂರ ಒಂದೇ ಆದರೂ ಹನ್ನೆರಡು ನಿಮಿಷ ಕೈಬಿಟ್ಟುಹೋಗುತ್ತದೆ. ಮೂರೇ ನಿಮಿಷ ಉಳಿಸಿ ಗಡುವು ಮುಟ್ಟುವವರ ಪಾಲಿಗೆ ಆಟ ಇಲ್ಲೇ ಮುಗಿಯಿತು.

ಇದಕ್ಕೊಂದು ಪರಿಹಾರ ಈ ಊರುಗಳಲ್ಲಿ ಮೊದಲೇ ಇದೆ. ಮಳೆಗಾಲ ಕಳೆದು ತೋಡು, ಹೊಳೆಗಳ ಸೆಳೆತ ಇಳಿದ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ಹಳೆಯ ಕಟ್ಟಗಳಲ್ಲಿ ಕಂಬದಿಂದ ಕಂಬಕ್ಕೆ ಎರಡು ಸಾಲು ಹಲಗೆ ಇಳಿಸಿ, ನಡುವಿನ ಜಾಗಕ್ಕೆ ಮಣ್ಣು ತುಂಬಿ, ಕಾಲಿನಿಂದ ಮೆಟ್ಟಿ ಮೆಟ್ಟಿ ಗಟ್ಟಿ ಮಾಡುತ್ತಾರೆ. ಒಂದೆರಡು ದಿನದಲ್ಲಿ ಹಿಂದೆ ನೀರು ಏರಿ ನಿಲ್ಲುತ್ತದೆ. ಸುಳ್ಯದ ಬಳಿ ನಾಗಪಟ್ಟಣದಲ್ಲಿ ಪಯಸ್ವಿನಿಗೇ ಅಂಥದೊಂದು ಅಣೆಕಟ್ಟು ಕಟ್ಟಿದ್ದಾರೆ. ಹಲಗೆ ಬಿದ್ದ ಮೇಲಿನ ಡಿಸೆಂಬರ್, ಜನವರಿಯ ನೀರು ಈಜಿಗೆ ಹೇಳಿ ಮಾಡಿಸಿದ್ದು: ಸೆಳೆತವಿಲ್ಲ, ಕೆಸರು ತಳಕ್ಕಿಳಿದಿರುತ್ತದೆ, ಕಡಲಿನ ಅಲೆಯ ಹೊಡೆತವೂ ಇಲ್ಲ. ಉಪ್ಪುನೀರಿನಷ್ಟು ಸಿಹಿನೀರು ಮೈಯನ್ನು ಎತ್ತಿಹಿಡಿಯುವುದಿಲ್ಲ ಎಂಬ ಕೊರತೆಯಿದೆ. ಕಡಲ ನೀರಿನ ಸಾಂದ್ರತೆ ಶೇಕಡಾ ಎರಡೂವರೆಯಷ್ಟು ಹೆಚ್ಚು, ಕಾಲು ಮುಳುಗುವವರಿಗೆ ಅದು ನಿಜವಾದ ನೆರವು.

ಆದರೆ ನಿಂತ ನೀರಿಗೆ ಅದರದೇ ಅಪಾಯವಿದೆ. ಅದನ್ನು ಹಗುರವಾಗಿ ನೋಡಬಾರದು ಎಂದು ಒತ್ತಿಯೇ ಹೇಳುತ್ತೇನೆ. ಇಲಿಜ್ವರ ಈ ಜಿಲ್ಲೆಯ ಕೃಷಿಕರಿಗೆ ಗೊತ್ತಿರುವ ಕಾಯಿಲೆ. ಇಲಿ, ದನ, ಹಂದಿಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಚರ್ಮದ ಗಾಯ, ಕಣ್ಣು, ಬಾಯಿಯ ಮೂಲಕ ಮೈ ಹೊಗುತ್ತದೆ. ಟ್ರಯಥ್ಲಾನ್‌ಗೂ ಇದಕ್ಕೂ ಹಳೆಯ ನಂಟು. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಕೆರೆಯಲ್ಲಿ ನಡೆದ ಟ್ರಯಥ್ಲಾನ್‌ನಲ್ಲಿ 876 ಮಂದಿ ಸ್ಪರ್ಧಿಸಿದ್ದರು. ವಿಚಾರಿಸಲು ಸಿಕ್ಕ 834 ಮಂದಿಯಲ್ಲಿ 98 ಮಂದಿಗೆ ಆಮೇಲೆ ಜ್ವರ ಬಂದಿತ್ತು. ಸ್ಪರ್ಧೆಗೆ ಮುಂಚೆ ಜೋರು ಮಳೆ ಸುರಿದು ಸುತ್ತಲಿನ ನೆಲವನ್ನೆಲ್ಲ ಕೆರೆಗೆ ತೊಳೆದಿತ್ತು. ಈಜುವಾಗ ನೀರು ನುಂಗಿದವರಿಗೆ ಅಪಾಯ ಹೆಚ್ಚಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೀನ್ ನದಿಯ ನೀರು ಶುದ್ಧವಾಗಿಲ್ಲವೆಂದು ಪುರುಷರ ಟ್ರಯಥ್ಲಾನ್ ಅನ್ನೇ ಒಂದು ದಿನ ಮುಂದೆ ಹಾಕಿದರು. ತೋಟದ ಕಣಿಗಳ ನೀರೆಲ್ಲ ಬಂದು ಸೇರುವ ಪಯಸ್ವಿನಿಯಲ್ಲಿ ಈಜು ಇಡುವುದಾದರೆ, ಹಿಂದಿನ ವಾರ ಅಕಾಲ ಮಳೆ ಬಂದಿದ್ದರೆ ಈಜನ್ನು ಕೈಬಿಡುವ ನಿರ್ಧಾರ ಮೊದಲೇ ಬರೆದಿಟ್ಟಿರಬೇಕು. ಆ ನೀರು ಕುಡಿಯುವುದಕ್ಕೂ ಬೇಕಾದದ್ದು. ಊರಿನವರ ಒಪ್ಪಿಗೆ ಇಲ್ಲದೆ ನೂರಾರು ಜನ ಮೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು ಅದಕ್ಕಿಳಿಯುವುದು ಸರಿಯಲ್ಲ.

ಇನ್ನೊಂದು ಸಂಗತಿ ಗಂಭೀರವಾದದ್ದು. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಒಟ್ಟುಗೂಡಿಸಿದಾಗ ಸಿಕ್ಕ 135 ಪ್ರಕರಣಗಳಲ್ಲಿ 90 ಈಜಿನಲ್ಲೇ ಆಗಿದ್ದವು. 90 ಕಿಲೋಮೀಟರ್ ಸೈಕಲಿಗಿಂತ, ಬಿಸಿಲಿನ ಓಟಕ್ಕಿಂತ ಮೊದಲಿನ ಆ ಚಿಕ್ಕ ಭಾಗವೇ ಹೆಚ್ಚು ಜೀವ ತೆಗೆದಿದೆ. ಪುತ್ತೂರಿನ ಪರ್ಲಡ್ಕದ ಬಾಲವನದ ಈಜುಕೊಳದಂಥ ಕಡೆ ಚೆನ್ನಾಗಿ ಪಳಗಿದವರಿಗೂ ಹೊಳೆ ಹೊಸದು: ತಳದಲ್ಲಿ ಕಪ್ಪು ಗೆರೆ ಇಲ್ಲ, ಹಿಡಿದುಕೊಳ್ಳಲು ಗೋಡೆ ಇಲ್ಲ, ಪಕ್ಕದವರ ಕೈಕಾಲು ಮುಖಕ್ಕೆ ತಾಗುತ್ತದೆ. ಗಾಬರಿಯಾದ ಹೃದಯ ಓಡಲು ನೋಡುತ್ತದೆ. ಮುಖ ತಣ್ಣೀರಿಗೆ ತಾಗಿದಾಗ ಉಸಿರು ಬಿಗಿಹಿಡಿಯುವ ಸಹಜ ಪ್ರತಿಕ್ರಿಯೆ ಅದೇ ಹೃದಯವನ್ನು ನಿಧಾನಿಸಲು ನೋಡುತ್ತದೆ. ಈ ಜಗ್ಗಾಟದಲ್ಲಿ ಬಡಿತದ ಲಯ ತಪ್ಪಬಹುದು ಎಂಬುದು ಒಂದು ವಿವರಣೆ. ಎಲ್ಲರನ್ನೂ ಒಮ್ಮೆಲೇ ನೀರಿಗೆ ಬಿಡದೆ ನಾಲ್ಕೈದು ಜನರಂತೆ ಬಿಡುವುದು, ಸಾಲಾಗಿ ದೋಣಿ ನಿಲ್ಲಿಸುವುದು, ಹೊಳೆಯ ಗುಂಡಿಗಳನ್ನು ಬಲ್ಲ ಊರಿನ ಈಜುಗಾರರನ್ನೇ ಆ ದೋಣಿಗಳಲ್ಲಿ ಕೂರಿಸುವುದು ಆಗಲೇಬೇಕಾದ ಕೆಲಸ.

ಸೈಕಲಿನ 90 ಕಿಲೋಮೀಟರಿಗೆ ಮೂರು ದಾರಿ ಕಾಣುತ್ತವೆ. ಮೊದಲನೆಯದು ಎದೆ ಹಿಗ್ಗಿಸುವಂಥದು: ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಯ ಬಾಗಿಲಿಗೆ ಹೋಗಿ ಮರಳುವುದು. ಏರಿಕೆ ಸಾವಿರ ಮೀಟರಿನಷ್ಟು. ಇಲ್ಲಿ ನದಿಯ ಲೆಕ್ಕವೇ ಮತ್ತೆ ಎದುರಾಗುತ್ತದೆ. ಸವಾರ, ಸೈಕಲ್ ಸೇರಿ 80 ಕೆ.ಜಿ. ಎಂದುಕೊಂಡರೆ, ಸುಮಾರು 160 ವ್ಯಾಟ್ ಶಕ್ತಿಯಲ್ಲಿ ಪೆಡಲ್ ತುಳಿಯುವವರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 32 ಕಿಲೋಮೀಟರ್ ಹೋಗುತ್ತಾರೆ. ಅದೇ ಶಕ್ತಿಗೆ ನೂರಕ್ಕೆ ಆರರ ಏರಿನಲ್ಲಿ ಸಿಗುವುದು 11 ಕಿಲೋಮೀಟರ್ ವೇಗ. ಹತ್ತು ಕಿಲೋಮೀಟರ್ ಹತ್ತಲು 55 ನಿಮಿಷ. ತಿರುವುಗಳಲ್ಲಿ 40ರ ವೇಗದಲ್ಲಿ ಇಳಿದರೆ 15 ನಿಮಿಷ. ಇಪ್ಪತ್ತು ಕಿಲೋಮೀಟರಿಗೆ 70 ನಿಮಿಷ ಕಳೆಯಿತು. ಸಮತಟ್ಟಿನಲ್ಲಿ ಅದು 38 ನಿಮಿಷದ ದಾರಿ. ಇಳಿಜಾರಿನಲ್ಲಿ ಇನ್ನೂ ವೇಗವಾಗಿ ಹೋಗಿ ತುಂಬಿಕೊಳ್ಳೋಣವೆಂದರೆ ಗಾಳಿ ಬಿಡುವುದಿಲ್ಲ. ಗಾಳಿಯ ತಡೆಗೆ ತೆರಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ; ವೇಗ ಶೇಕಡಾ 10ರಷ್ಟು ಹೆಚ್ಚಬೇಕಾದರೆ ಆ ಶಕ್ತಿ ಶೇಕಡಾ 33ರಷ್ಟು ಹೆಚ್ಚಬೇಕು. ಬ್ರೇಕ್ ಹಿಡಿದೇ ಇಳಿದರೆ, ಸಾವಿರ ಮೀಟರ್ ಏರಿ ಗಳಿಸಿದ ಶಕ್ತಿಯೆಲ್ಲ ಚಕ್ರದ ರಿಮ್ಮಿನಲ್ಲಿ ಬಿಸಿಯಾಗುತ್ತದೆ. ಎರಡು ಲೀಟರಿಗೂ ಹೆಚ್ಚು ನೀರನ್ನು ಕುದಿಸಲು ಸಾಕಾಗುವಷ್ಟು ಶಾಖ ಅದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಈ ರಸ್ತೆಯೇ ಮುಚ್ಚಿಹೋಗಿತ್ತು ಎಂಬುದೂ ನೆನಪಿರಲಿ.

ಎರಡನೆಯದು ಘಾಟಿಯ ಬುಡದವರೆಗೆ ಮಾತ್ರ: ಸುಳ್ಯದಿಂದ ಪೆರಾಜೆ, ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆ, ಮರಳಿ ಸುಳ್ಯ. ಎರಡು ಸುತ್ತು ಹಾಕಿದರೆ 90ರ ಆಸುಪಾಸು. ಸಣ್ಣ ಏರುತಗ್ಗುಗಳಲ್ಲಿ ಓಟದ ರಭಸವೇ ಮುಂದಿನ ದಿಬ್ಬವನ್ನು ಅರ್ಧ ಹತ್ತಿಸುತ್ತದೆ, ನಷ್ಟ ಕಡಿಮೆ. ತೊಡಕೆಂದರೆ ಮಂಗಳೂರು–ಮೈಸೂರು ಬಸ್ಸು, ಲಾರಿಗಳೆಲ್ಲ ಇದೇ ರಸ್ತೆಯವು. ಮೂರನೆಯದು ಮಂಡೆಕೋಲು, ಅಜ್ಜಾವರದ ಒಳರಸ್ತೆಗಳು. ನೋಡಲು ಇದಕ್ಕಿಂತ ಚೆಂದದ ದಾರಿ ಇಲ್ಲ, ಸೈಕಲ್ ಸ್ಪರ್ಧೆಗೆ ಮಾತ್ರ ಇದು ಬೇಡ. ಒಬ್ಬರ ಹಿಂದೊಬ್ಬರು ಸಾಮಾನ್ಯವಾಗಿ 12 ಮೀಟರ್ ಅಂತರ ಬಿಡಬೇಕೆಂಬ ನಿಯಮ ಇಕ್ಕಟ್ಟಿನ ತಿರುವುಗಳಲ್ಲಿ ನಡೆಯದು. ನೆರಳಿನ ಡಾಮರಿನ ಮೇಲೆ ಪಾಚಿ ಒಣಗಿರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ತಲೆಗೆ ಟಾರ್ಚ್ ಕಟ್ಟಿಕೊಂಡ ರಬ್ಬರು ಟ್ಯಾಪಿಂಗ್‌ನವರು, ಡಿಪೋಗೆ ಹಾಲು ಕೊಂಡೊಯ್ಯುವವರು ಇದೇ ರಸ್ತೆಯಲ್ಲಿರುತ್ತಾರೆ. ಆನೆಗಳೂ ಇರುತ್ತವೆ. 2023ರ ಏಪ್ರಿಲ್‌ನಲ್ಲಿ ಅಜ್ಜಾವರದಲ್ಲಿ ಮರಿಗಳೂ ಸೇರಿ ನಾಲ್ಕು ಕಾಡಾನೆಗಳು ತೋಟದ ಕೆರೆಗೆ ಬಿದ್ದು, ಅರಣ್ಯ ಇಲಾಖೆ ಮತ್ತು ಊರಿನವರು ಸೇರಿ ಅವನ್ನು ಮೇಲೆ ಹತ್ತಿಸಿದ್ದರು. ಅವುಗಳ ಓಡಾಟದ ಹೊತ್ತು ಮುಸ್ಸಂಜೆಯಿಂದ ನಸುಕಿನವರೆಗೆ. ನಸುಕಿನಲ್ಲಿ ಸದ್ದಿಲ್ಲದೆ ನುಗ್ಗುವ ಸೈಕಲ್ ಅವಕ್ಕೂ ಸವಾರನಿಗೂ ಅಪಾಯ. ನನ್ನ ಆಯ್ಕೆ ಎರಡನೆಯ ದಾರಿ.

ಓಟಕ್ಕೆ ಮಾತ್ರ ಮಂಡೆಕೋಲೇ ಸರಿ, ಒಂದು ಎಚ್ಚರಿಕೆಯೊಡನೆ. 70 ಕೆ.ಜಿ. ತೂಕದವರು ಗಂಟೆಗೆ 9 ಕಿಲೋಮೀಟರಿನಂತೆ ಓಡಿದರೆ ಮೈಯಲ್ಲಿ ಗಂಟೆಗೆ 600 ಕಿಲೋಕ್ಯಾಲರಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಅದು ಒಂದಿಷ್ಟೂ ಹೊರಹೋಗದಿದ್ದರೆ ಐದಾರು ನಿಮಿಷಕ್ಕೊಮ್ಮೆ ಮೈಯ ಉಷ್ಣತೆ ಒಂದು ಡಿಗ್ರಿ ಏರುತ್ತ ಹೋಗುತ್ತದೆ. ತಡೆಯುವುದು ಬೆವರು, ಆದರೆ ಆರಿದ ಬೆವರು ಮಾತ್ರ ತಂಪು ಕೊಡುತ್ತದೆ, ತೊಟ್ಟಿಕ್ಕಿದ್ದು ವ್ಯರ್ಥ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ತೊಟ್ಟಿಕ್ಕುವುದೇ ಜಾಸ್ತಿ. ಅದಕ್ಕೇ ಸ್ಪರ್ಧೆಯ ವೈದ್ಯರು ಬರೀ ಉಷ್ಣಮಾಪಕ ನಂಬುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಗೆ 0.7, ಬಿಸಿಲಿಗಿಟ್ಟ ಕಪ್ಪು ಗೋಲದ ಅಂಕಿಗೆ 0.2, ನೆರಳಿನ ಉಷ್ಣತೆಗೆ 0.1 ತೂಕ ಕೊಟ್ಟು ಕೂಡಿಸುತ್ತಾರೆ. ಹಾಗೆ ಬಂದ ಅಂಕಿ 32.2 ದಾಟಿದರೆ ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಅತಿ ಅಪಾಯದ ಪಟ್ಟಿ.

ನೆರಳು ಕಪ್ಪು ಗೋಲದ ಅಂಕಿಯನ್ನು ಇಳಿಸುತ್ತದೆ, ಹಾಗಾಗಿ ಮಂಡೆಕೋಲಿನ ಮರಗಳಿಗೆ ಬೆಲೆಯಿದೆ. ಆದರೆ ಹೊಳೆಯ ನೀರು ಒದಗುವ ಜನವರಿಯಲ್ಲೇ ರಬ್ಬರು ಮರ ಎಲೆ ಉದುರಿಸುತ್ತದೆ. ಮಳೆಗಾಲದಲ್ಲಿ ಕತ್ತಲೆ ಕವಿದಂತಿದ್ದ ತೋಟದ ನೆಲಕ್ಕೆ ಆಗ ಬಿಸಿಲು ನೇರ ಬೀಳುತ್ತದೆ, ಕಾಲಡಿಯಲ್ಲಿ ಕೆಂಪು, ಹಳದಿ ತರಗೆಲೆ. ಓಟದ ಸುತ್ತನ್ನು ರಬ್ಬರಿನ ನಡುವೆ ಹಾಕಿದರೆ ಮೋಸಹೋದಂತೆ. ಅಡಕೆ ತೋಟ, ಹಸಿರು ಕಾಡಿನ ಪಕ್ಕದ ದಾರಿಯನ್ನೇ ಹುಡುಕಬೇಕು. ಮುಂಜಾನೆ ಏಳಕ್ಕೆ ಹೊರಟವರಲ್ಲಿ ಚುರುಕಿನವರು ಹನ್ನೆರಡರೊಳಗೆ ಓಟ ಮುಗಿಸಿಯಾರು. ನಿಧಾನದವರು ಅದೇ ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಓಡುತ್ತಿರುತ್ತಾರೆ. ಕಾಗದದ ಮೇಲೆ ಇಬ್ಬರದೂ ಒಂದೇ ಹಾದಿ; ಮೈಗೆ ತಾಗುವ ಬಿಸಿಲಿನ ಲೆಕ್ಕದಲ್ಲಿ ಅಲ್ಲ. ಹಾದಿಯನ್ನು ಗೆಲ್ಲುವವರ ಅನುಕೂಲಕ್ಕಲ್ಲ, ಕೊನೆಯಲ್ಲಿ ಬರುವವರ ಸುರಕ್ಷತೆಗೆ ಹೊಂದಿಸಬೇಕು ಎಂದು ನಾನು ನಂಬುವುದು ಇದಕ್ಕೇ.

ಆಹಾರದ ಚಿಂತೆ ಇಲ್ಲಿ ಕಡಿಮೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಎರಡು ಸಾವಿರ ಕಿಲೋಕ್ಯಾಲರಿಯಷ್ಟೇ, ಖರ್ಚು ಅದರ ಇಮ್ಮಡಿಯ ಹತ್ತಿರ. ಕರುಳು ಗ್ಲೂಕೋಸನ್ನು ಗಂಟೆಗೆ 60 ಗ್ರಾಮಿನಷ್ಟು ಹೀರುತ್ತದೆ. ಫ್ರಕ್ಟೋಸಿಗೆ ಬೇರೆ ಬಾಗಿಲು ಇರುವುದರಿಂದ ಎರಡೂ ಸೇರಿದರೆ 90ರವರೆಗೆ ಹೋಗುತ್ತದೆ. ಮನೆಗೆ ಬಂದವರಿಗೆ ಕೊಡುವ ಬೆಲ್ಲ, ನೀರಿನಲ್ಲಿ ಎರಡೂ ಇವೆ. ಬೊಂಡದ ನೀರಿನಲ್ಲಿ ಪೊಟ್ಯಾಷಿಯಂ ಹೇರಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಗಂಜಿ ತಿಳಿ ಇದ್ದರೆ ಸರಿಹೋಗುತ್ತದೆ.

ಸುಳ್ಯದಲ್ಲಿ ಕೆವಿಜಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದು ಈ ಹಾದಿಯ ದೊಡ್ಡ ಬಲ. ಆದರೂ ಉಷ್ಣಾಘಾತವಾದವರನ್ನು ಮಂಡೆಕೋಲಿನ ಒಳದಾರಿಯಿಂದ ನೇರವಾಗಿ ಅಲ್ಲಿಗೆ ಒಯ್ಯುವ ಅವಸರ ಬೇಡ. ಕುಸಿದ ಅರ್ಧ ಗಂಟೆಯೊಳಗೆ ಮೈ ತಣ್ಣಗಾದರೆ ಬಹುತೇಕ ಎಲ್ಲರೂ ಬದುಕುತ್ತಾರೆ. ಆಂಬುಲೆನ್ಸಿನ ಹಾದಿಯಲ್ಲೇ ಆ ಹೊತ್ತು ಕಳೆದುಹೋಗಬಹುದು. ಕುತ್ತಿಗೆಯವರೆಗೆ ಮುಳುಗಿಸುವಷ್ಟು ದೊಡ್ಡ ಟಬ್ಬು, ತುಂಬ ಐಸು, ಮೈಯುಷ್ಣತೆ ಅಳೆಯಬಲ್ಲ ವೈದ್ಯರು ಓಟದ ಹದಿನೈದನೆಯ ಕಿಲೋಮೀಟರಿನ ಬಳಿ ಬೆಳಗ್ಗೆಯೇ ಸಿದ್ಧವಿರಬೇಕು. ತಣಿಸುವುದು ಮೊದಲು, ಸಾಗಿಸುವುದು ಆಮೇಲೆ.